ದಾರ ಹಿಡಿಯುವ ಮೊದಲು ಜಾಗದ ಹದ್ದು ಹಿಡಿಯಿರಿ: ಲೈನ್‌ಔಟ್ ತಪ್ಪುಗಳು ಮತ್ತು ಸರ್ವೇಯರ್ ಕೆಲಸ

ನಾನು ಹಾಕಿದ ಮೊದಲ ಲೈನ್‌ಔಟ್ ಒಂಬತ್ತು ಇಂಚು ತಪ್ಪಿತ್ತು. ಲೈನ್‌ಔಟ್ ಅಂದರೆ ಪಾಯ ಅಗೆಯುವ ಮೊದಲು ಕಟ್ಟಡದ ಗೆರೆಗಳನ್ನು ದಾರ, ಸುಣ್ಣದಿಂದ ನೆಲದ ಮೇಲೆ ಗುರುತಿಸುವುದು. ಬಾಗಲಕೋಟೆ ನವನಗರದಲ್ಲಿ 30×40ರ ಪ್ಲಾಟು, ಬೆಳಗಿನ ಐದೂವರೆಗೆ ಮುಹೂರ್ತ. ಇನ್ನೂ ನಸುಕು. ಮೂಲೆಗಲ್ಲು ಹುಡುಕುತ್ತ ಬ್ಯಾಟರಿ ಹಿಡಿದು ಎರಡು ಸುತ್ತು ಹಾಕಿದೆ, ಸಿಗಲಿಲ್ಲ. ಬಾಜೂ ಮನೆಯ ಕಾಂಪೌಂಡ್ ಗೋಡೆ ಮಾತ್ರ ಹೊಸದಾಗಿ, ನೆಟ್ಟಗೆ ನಿಂತಿತ್ತು. ಟೇಪಿನ ತುದಿಯನ್ನು ಅದಕ್ಕೇ ಒತ್ತಿ ಹಿಡಿಸಿ 30 ಅಡಿ ಎಳೆದೆ. ಸುಣ್ಣ ಬಿತ್ತು, ಕಾಯಿ ಒಡೆಯಿತು, ಎಲ್ಲರೂ ಸುಸಲಾ, ಮಿರ್ಚಿ ತಿಂದು ಹೋದರು.

ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಮುಗಿದು ಕಾಂಪೌಂಡಿಗೆ ಪಾಯ ಹಾಕಿದ ಮೇಲೆ ಬಾಜೂದವರು ಖರೀದಿ ಪತ್ರ ಹಿಡಿದುಕೊಂಡು ಬಂದರು. ಸಿಟ್ಟು ಮಾಡಲಿಲ್ಲ. "ತಮ್ಮಾ, ಆ ಗ್ವಾಡಿ ನಂದು. ಗ್ವಾಡಿ ಹೊರಗಿನ ಒಂಬತ್ತಿಂಚ ಜಾಗಾನೂ ನಂದ. ಗಿಲಾವ (ಪ್ಲಾಸ್ಟರ್) ಮಾಡಾಕ ಇರಲಿ ಅಂತ ಬಿಟ್ಟೀನಿ" ಅಂದರು.

ಆ ಬದಿಗೆ ಮೂರು ಅಡಿ ಬಿಟ್ಟು ಕಟ್ಟಿದ್ದರಿಂದ ಮನೆ ಉಳಿಯಿತು. ಆದರೆ ಮೂರು ಅಡಿ ಎರಡೂಕಾಲು ಅಡಿ ಆಯಿತು, ಪರವಾನಗಿ ನಕ್ಷೆಗೂ ಕಟ್ಟಡಕ್ಕೂ ತಾಳೆ ತಪ್ಪಿತು, ಕಾಂಪೌಂಡಿನ ಪಾಯ ಕಿತ್ತು ಮತ್ತೆ ಹಾಕಬೇಕಾಯಿತು. ಆ ಖರ್ಚು ನನ್ನ ಫೀಯಲ್ಲೇ ಮುರಿದು ಹೋಯಿತು.

ಆಮೇಲೆ ಜಮಖಂಡಿ, ಮುಧೋಳ, ವಿಜಯಪುರ, ಬೆಳಗಾವಿ ಕಡೆ ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು. ಗೌಂಡಿ ದಾರವನ್ನು ಸರಿಯಾಗಿಯೇ ಹಿಡಿದಿರುತ್ತಾನೆ. ಎಲ್ಲಿಂದ ಹಿಡಿಯಬೇಕು ಅನ್ನುವುದು ತಪ್ಪಿರುತ್ತದೆ. ಜಾಗದ ಹದ್ದು, ಅಂದರೆ ಗಡಿ, ಗೊತ್ತು ಮಾಡುವುದು ಒಂದು ಕೆಲಸ. ಆ ಹದ್ದಿನೊಳಗೆ ಕಟ್ಟಡ ಕೂರಿಸುವುದು ಇನ್ನೊಂದು. ಎರಡನ್ನೂ ಮುಹೂರ್ತದ ಒಂದೇ ತಾಸಿನಲ್ಲಿ ಮುಗಿಸಲು ಹೋಗಿ ನಾವು ಕೆಡುತ್ತೇವೆ. ಕೆಳಗಿನ ಹಂತಗಳನ್ನು ಮುಹೂರ್ತಕ್ಕೆ ಕನಿಷ್ಠ ಒಂದು ತಿಂಗಳ ಮೊದಲೇ ಶುರು ಮಾಡಿ.

ಹಂತ 1: ಕಾಗದ ಜೋಡಿಸಿಕೊಳ್ಳಿ

ಯಾವ ಕಾಗದ ಬೇಕು ಅನ್ನುವುದು ಜಾಗ ಯಾವ ತರಹದ್ದು ಅನ್ನುವುದರ ಮೇಲೆ ಹೋಗುತ್ತದೆ. ಊರೊಳಗಿನ, ಪಂಚಾಯತಿ ಹದ್ದಿನ ಜಾಗವಾದರೆ ಇ-ಸ್ವತ್ತಿನ (ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11. ಸಿಟಿ ಸರ್ವೇ ಆದ ಪಟ್ಟಣದ ಜಾಗವಾದರೆ ಸಿಟಿಎಸ್ (ಸಿಟಿ ಸರ್ವೇ) ಉತಾರ ಮತ್ತು ಅದರ ನಕ್ಷೆ. ಎನ್.ಎ. (ಕೃಷಿಯೇತರ) ಆದ ಲೇಔಟಿನ ಪ್ಲಾಟಾದರೆ ಅನುಮೋದಿತ ವಿನ್ಯಾಸ ನಕ್ಷೆ. ಹೊಲದ ಸರ್ವೇ ನಂಬರಿನಲ್ಲಿ ಕಟ್ಟುವುದಾದರೆ ಭೂಪರಿವರ್ತನೆ ಆದೇಶದ ಜೊತೆಗೆ ಪಹಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ದಾಖಲೆ), ಪೋಡಿ (ಸರ್ವೇ ನಂಬರಿನ ವಿಭಜನೆ) ಆಗಿದ್ದರೆ ಅದರ ನಕ್ಷೆ. ಎಲ್ಲದಕ್ಕೂ ಖರೀದಿ ಪತ್ರ ಇರಲೇಬೇಕು, ಅದರಲ್ಲಿನ ಚಕ್ಕುಬಂದಿಯನ್ನು ಒಮ್ಮೆ ಜೋರಾಗಿ ಓದಿ. ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದು ನೆಲದ ಮೇಲೆ ಉತ್ತರಕ್ಕೆ ರಸ್ತೆ ಇರುವ ಪತ್ರಗಳನ್ನು ನಾನು ನೋಡಿದ್ದೇನೆ.

ಪಹಣಿಯಲ್ಲಿ ಖರಾಬಿನ ಕಾಲಂ ಬಿಡಬೇಡಿ. 'ಅ' ಖರಾಬು ಸಾಗುವಳಿಗೆ ಬಾರದ ಜಮೀನು. 'ಬ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು. ಎರಡು ಗುಂಠೆ 'ಬ' ಖರಾಬು ಇದ್ದರೆ ಅದು ಜಾಗದ ಯಾವ ಮೂಲೆಯಲ್ಲಿದೆ ಅನ್ನುವುದನ್ನು ಗುರುತಿಸದೆ ಸುಣ್ಣ ಹಾಕಬಾರದು. ಹಳ್ಳ ಈಗ ಮುಚ್ಚಿ ಹೋಗಿರಬಹುದು, ದಾಖಲೆಯಲ್ಲಿ ಅದು ಇನ್ನೂ ಹರಿಯುತ್ತಿರುತ್ತದೆ.

ವಿಜಯಪುರದವರಿಗೆ, ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರಿಗೆ ಇನ್ನೊಂದು ಮಾತು. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಮೊದಲೇ ಅನುಮತಿ ಬೇಕು. ವಿಜಯಪುರದ ಓಣಿಗಳಲ್ಲಿ ಗೋಲಗುಮ್ಮಟವೊಂದೇ ಸ್ಮಾರಕ ಅಂದುಕೊಂಡರೆ ಮೋಸ ಹೋಗುತ್ತೀರಿ. ಹೆಸರೇ ಗೊತ್ತಿಲ್ಲದ ಒಂದು ಹಳೆಯ ಗುಮ್ಮಟವೂ ಸಂರಕ್ಷಿತ ಆಗಿರಬಹುದು. ಈ ಅಂತರವನ್ನು ಸ್ಮಾರಕದ ಸಂರಕ್ಷಿತ ಹದ್ದಿನಿಂದ ಅಳೆಯುತ್ತಾರೆ, ಗುಮ್ಮಟದ ಗೋಡೆಯಿಂದ ಹೆಜ್ಜೆ ಹಾಕಿ ಎಣಿಸಿದರೆ ನಡೆಯುವುದಿಲ್ಲ.

ಹಂತ 2: ಹದ್ದು ಗೊತ್ತು ಮಾಡಿಸಿ, ಅದಕ್ಕೆ ಬೆಲೆ ಇರುವವರಿಂದ

ಸರ್ವೇಯರ್ ಅಂದರೆ ನಮ್ಮ ಕಡೆ ಎರಡು ತರಹದವರು ಸಿಗುತ್ತಾರೆ. ಒಬ್ಬರು ಭೂಮಾಪನ ಇಲಾಖೆಯ ಭೂಮಾಪಕರು, ಅವರ ಜೊತೆಗೆ ಇಲಾಖೆಯಿಂದ ಲೈಸೆನ್ಸ್ ಪಡೆದ ಭೂಮಾಪಕರು. ಇನ್ನೊಬ್ಬರು ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಯಂತ್ರ) ಇಟ್ಟುಕೊಂಡು ದಿನಗೂಲಿ ಲೆಕ್ಕದಲ್ಲಿ ಬರುವ ಖಾಸಗಿಯವರು. ಖಾಸಗಿಯವರ ಯಂತ್ರ ಕೆಲವೊಮ್ಮೆ ಹೆಚ್ಚು ಹೊಸದಾಗಿರುತ್ತದೆ. ಆದರೂ ಬಾಜೂದವರು ತಕರಾರು ತೆಗೆದ ದಿನ ಅವರು ಕೊಟ್ಟ ನಕ್ಷೆ ಬರೀ ನಕ್ಷೆ.

ಸರ್ವೇ ನಂಬರಿನ ಜಾಗಕ್ಕೆ ದಾರಿ ಅಂದರೆ ಹದ್ದುಬಸ್ತು, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸುವುದು. ನಾಡಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಅರ್ಜಿ ಹಾಕಿದರೆ ಅದು ಭೂಮಾಪನ ಇಲಾಖೆಯ ಮೋಜಿಣಿ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೋಗುತ್ತದೆ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಗೊತ್ತಾದ ದಿನ ಬಂದು, ಮೂಲ ಟಿಪ್ಪಣಿ ಹಿಡಿದು ಅಳೆದು, ಹದ್ದು ತೋರಿಸಿ, ಪಂಚನಾಮೆ ಬರೆದು ನಕ್ಷೆ ಕೊಡುತ್ತಾರೆ. ಆ ನೋಟಿಸಿನಲ್ಲೇ ಇದರ ತೂಕ ಇರುವುದು. ಬಾಜೂದವರ ಎದುರಿಗೆ ನೆಟ್ಟ ಕಲ್ಲಿಗೂ ಅವರು ಊರಲ್ಲಿ ಇಲ್ಲದಾಗ ನೆಟ್ಟ ಕಲ್ಲಿಗೂ ಅಜಗಜಾಂತರ. ಸಿಟಿಎಸ್ ಜಾಗಕ್ಕೆ ಸಿಟಿ ಸರ್ವೇ ಕಚೇರಿಯಲ್ಲಿ ಅಳತೆಗೆ ಅರ್ಜಿ ಹಾಕಬೇಕು. ಲೇಔಟ್ ಪ್ಲಾಟಿಗೆ ಲೇಔಟ್ ಮಂಜೂರು ಮಾಡಿದ ಪ್ರಾಧಿಕಾರದ ನಕ್ಷೆಯೇ ಆಧಾರ.

ಹಳೆಯ ಟಿಪ್ಪಣಿಯಿಂದ ಇಂಚಿನ ಲೆಕ್ಕ ಬಯಸಬೇಡಿ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳ ಹೆಚ್ಚಿನ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಮೂಲ ಅಳತೆ ಅಲ್ಲಿಯ ಪದ್ಧತಿಯದು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಹಾಗಾಗಿಯೇ ಗುಂಠೆ ಅಂದರೆ 33×33, ಅಂದರೆ 1,089 ಚದರ ಅಡಿ. 40 ಗುಂಠೆಗೆ ಎಕರೆ. ಒಂದು ಆಣೆ ಅಂದರೆ ಎರಡು ಅಡಿ ಮುಕ್ಕಾಲು ಇಂಚು. ಹೊಲ ಅಳೆಯಲು ಹುಟ್ಟಿದ ಲೆಕ್ಕ ಅದು. ಎರಡು ಎಕರೆ ಜೋಳದ ಹೊಲದಲ್ಲಿ ಅರ್ಧ ಆಣೆ ಅತ್ತಿತ್ತ ಆದರೆ ಯಾರೂ ಕೇಳುತ್ತಿರಲಿಲ್ಲ. ಅದೇ ಹೊಲ ಇವತ್ತು ಪ್ಲಾಟಾದರೆ ಅದೇ ಅರ್ಧ ಆಣೆ ಒಂದು ಬಾತ್‌ರೂಮಿನ ಗೋಡೆ. ಆದ್ದರಿಂದ ಅಳತೆಯ ದಿನವೇ, ಭೂಮಾಪಕರು ಇರುವಾಗಲೇ, ಬಾಜೂದವರೊಂದಿಗೆ ಕೂಡಿ ಬಾಂದುಕಲ್ಲು ನೆಟ್ಟು ಮುಗಿಸಿ. ಕಲ್ಲಿನ ತಲೆಯ ಮೇಲೆ ಉಳಿಯಿಂದ ಅಧಿಕ ಚಿಹ್ನೆ ಕೊರೆಸಿ. ಒಂಬತ್ತು ಇಂಚು ಅಗಲದ ಕಲ್ಲಿನ ಯಾವ ಮಗ್ಗುಲು ಹದ್ದು ಅಂತ ಆಮೇಲೆ ಜಗಳ ಆಗಬಾರದು.

ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಮನೆ ಕೆಡವಿ ಕಟ್ಟುವವರು ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು: ಕೆಡವುವ ಮೊದಲೇ ಅಳತೆ ಮಾಡಿಸಿ. ಅಲ್ಲಿ ಗೋಡೆಗೆ ಗೋಡೆ ಹತ್ತಿರುತ್ತದೆ, ಕೆಲವು ಸಾಮಾಯಿಕ (ಎರಡೂ ಮನೆಗೆ ಸೇರಿದ) ಗೋಡೆಗಳು. ಜೆಸಿಬಿ ಒಮ್ಮೆ ಓಡಾಡಿತೆಂದರೆ ಹದ್ದಿನ ಸಾಕ್ಷಿಯೇ ಟ್ರ್ಯಾಕ್ಟರಿನಲ್ಲಿ ಹೋಗಿಬಿಡುತ್ತದೆ. ನಾಲ್ಕೂ ಮೂಲೆ, ಗೋಡೆಗಳ ದಪ್ಪ, ಬಾಗಿಲಿನ ಹೊಸ್ತಿಲ ಮಟ್ಟ ಎಲ್ಲ ಬರೆದುಕೊಂಡು, ಫೋಟೊ ತೆಗೆದು, ಬಾಜೂದವರ ಸಹಿ ಹಾಕಿಸಿಕೊಂಡ ಮೇಲೆಯೇ ಗುದ್ದಲಿ ಮುಟ್ಟಿ.

ಮೊಬೈಲಿನ ಮಾತೂ ಬಂತು. ದಿಶಾಂಕ್ ಆ್ಯಪ್ ಒಳ್ಳೆಯದು, ನಿಂತ ಜಾಗ ಯಾವ ಸರ್ವೇ ನಂಬರು ಅಂತ ತೋರಿಸುತ್ತದೆ. ಆದರೆ ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೇ ನಾಲ್ಕೈದು ಮೀಟರ್ ಅತ್ತಿತ್ತ ಇರುತ್ತದೆ. ಆ ನೀಲಿ ಚುಕ್ಕೆ ನೋಡಿ ಗೂಟ ಬಡಿದವರೂ ಇದ್ದಾರೆ.

ಹಂತ 3: ಪ್ಲಾಟಿನ ನಿಜ ಆಕಾರ ಅಳೆದು ಆಮೇಲೆ ನಕ್ಷೆ ಬರೆಸಿ

ಕಾಗದದಲ್ಲಿ 30×40 ಇದ್ದದ್ದು ನೆಲದ ಮೇಲೆ ಒಂದು ಬದಿ 29 ಅಡಿ 8 ಇಂಚು, ಇನ್ನೊಂದು ಬದಿ 30 ಅಡಿ 3 ಇಂಚು ಇರುವುದು ಮಾಮೂಲು. ನಾಲ್ಕು ಬದಿ ಮತ್ತು ಎರಡು ಕರ್ಣ, ಒಟ್ಟು ಆರು ಅಳತೆ ತೆಗೆದುಕೊಳ್ಳಿ. ಕರ್ಣ ಅಳೆಯದಿದ್ದರೆ ಉಳಿದ ನಾಲ್ಕು ಅಳತೆಯಿಂದ ಆಕಾರ ಗೊತ್ತಾಗುವುದಿಲ್ಲ. ನಾಲ್ಕು ಬಡಿಗೆಗೆ ಮೂಲೆಯಲ್ಲಿ ಒಂದೊಂದೇ ಮೊಳೆ ಹೊಡೆದು ಎತ್ತಿ ನೋಡಿ, ಹೇಗೆ ಬೇಕಾದರೂ ವಾಲುತ್ತದೆ. ಪ್ಲಾಟೂ ಹಾಗೆಯೇ.

30×40ಕ್ಕೆ ಕರ್ಣ ಸರಿಯಾಗಿ 50 ಅಡಿ ಬರಬೇಕು, 3-4-5ರ ಲೆಕ್ಕ. ಮೂಲೆ ಒಂದೇ ಒಂದು ಡಿಗ್ರಿ ವಾಲಿದರೆ 40 ಅಡಿಯ ಕೊನೆಯಲ್ಲಿ ಎಂಟು ಇಂಚಿಗೂ ಹೆಚ್ಚು ಸರಿಯುತ್ತದೆ, ಆಗ ಒಂದು ಕರ್ಣ 50 ಅಡಿ 5 ಇಂಚು, ಇನ್ನೊಂದು 49 ಅಡಿ 7 ಇಂಚು. ಒಂದು ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ, ಹತ್ತು ಇಂಚಿನ ವ್ಯತ್ಯಾಸ ಟೇಪಿನಲ್ಲಿ ಕಾಣುತ್ತದೆ.

ಸ್ಟೀಲ್ ಟೇಪು ಬಳಸಿ. ಬಟ್ಟೆಯ ಟೇಪು ಎಳೆದಂತೆ ಹಿಗ್ಗುತ್ತದೆ, ಎಷ್ಟೋ ಟೇಪುಗಳ ಮೊದಲ ಅಡಿ ಹರಿದು ಗಂಟು ಹಾಕಿದ್ದಿರುತ್ತದೆ. ಹರಿದ ಟೇಪನ್ನು ಒಂದು ಅಡಿಯಿಂದ ಹಿಡಿದು ಕೊನೆಗೆ ಒಂದು ಅಡಿ ಕಳೆಯಲು ಮರೆಯುವುದು ನಮ್ಮ ಸೈಟುಗಳ ಹಳೆಯ ರೋಗ.

ಹಂತ 4: ಡ್ರಾಯಿಂಗನ್ನು ಲೈನ್‌ಔಟ್‌ಗೆ ಮೊದಲೇ ಪರೀಕ್ಷಿಸಿ

ಸೈಟಿನಲ್ಲಿ ಒಂದೇ ಡ್ರಾಯಿಂಗ್ ಇರಬೇಕು, ಅದರ ಮೇಲೆ ತಾರೀಖು ಇರಬೇಕು. ಪ್ಲಾನು ಒಬ್ಬರು, ಕಾಲಂ ಡ್ರಾಯಿಂಗ್ ಇನ್ನೊಬ್ಬರು ಮಾಡಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೊರ ಅಳತೆ ಕೂಡಿಸಿ ನೋಡಿ. ಒಂದರಲ್ಲಿ ಅಡಿ ಇಂಚು, ಇನ್ನೊಂದರಲ್ಲಿ ಮಿಲಿಮೀಟರ್ ಇರುತ್ತದೆ. 230 ಮಿ.ಮೀ. ಗೋಡೆಯನ್ನು ಒಂಬತ್ತಿಂಚಿನ ಗೋಡೆ ಅಂದರೆ ನಡೆಯುತ್ತದೆ. 10 ಅಡಿ 10 ಇಂಚನ್ನು 10.10 ಅಡಿ ಅಂತ ಯಂತ್ರಕ್ಕೆ ಕೊಟ್ಟರೆ ನಡೆಯುವುದಿಲ್ಲ. ಅದು 10.83 ಆಗಬೇಕು. ವ್ಯತ್ಯಾಸ ಸುಮಾರು ಒಂಬತ್ತು ಇಂಚು, ಒಂದು ಗೋಡೆಯ ದಪ್ಪದಷ್ಟು.

ಅಳತೆ ಗೋಡೆಯ ಮಗ್ಗುಲಿನಿಂದಲೋ ನಡುವಿನಿಂದಲೋ ಅನ್ನುವುದು ಮುಂದಿನ ಪ್ರಶ್ನೆ. 30×40ರ ಪ್ಲಾಟಿನಲ್ಲಿ ಎರಡೂ ಬದಿಗೆ ಮೂರು ಅಡಿ, ಹಿಂದೆ ಮುಂದೆ ನಾಲ್ಕು ಅಡಿ ಬಿಟ್ಟಿರಿ ಅನ್ನಿ. ಹೊರಮಗ್ಗುಲಿನ ಅಳತೆ 24×32, ಕರ್ಣ ಸರಿಯಾಗಿ 40. ಒಂಬತ್ತಿಂಚಿನ ಗೋಡೆಯ ನಡುಗೆರೆ ಹಿಡಿದರೆ 23 ಅಡಿ 3 ಇಂಚು, 31 ಅಡಿ 3 ಇಂಚು. ಆಗ ಕರ್ಣ 38 ಅಡಿ ಹನ್ನೊಂದೂವರೆ ಇಂಚಿನ ಹತ್ತಿರ. ಗೌಂಡಿ ಒಂದನ್ನು ಹಿಡಿದು, ನೀವು ಇನ್ನೊಂದನ್ನು ಮನಸ್ಸಿನಲ್ಲಿಟ್ಟು ಕರ್ಣ ನೋಡಿದರೆ ದಿನವಿಡೀ ಹೊಂದುವುದಿಲ್ಲ. ಯಾವುದನ್ನು ಹಿಡಿಯುತ್ತೇವೆ ಅಂತ ಡ್ರಾಯಿಂಗಿನ ಮೇಲೇ ಕೆಂಪು ಪೆನ್ನಿನಿಂದ ಬರೆಯಿರಿ. (ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡುವ ಜಾಗ, ಎಷ್ಟು ಅನ್ನುವುದು ನಿಮ್ಮ ಪರವಾನಗಿ ನಕ್ಷೆಯಲ್ಲಿ ಇದ್ದಂತೆ. ಮೇಲಿನದು ಲೆಕ್ಕಕ್ಕೆ ಹೇಳಿದ್ದು.)

ಇನ್ನು ಆಯ, ಅಂದರೆ ವಾಸ್ತುವಿನ ಅಳತೆಯ ಲೆಕ್ಕ. ಧ್ವಜಾಯ ಬೇಕು, ವೃಷಭಾಯ ಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಪೂಜೆಯ ದಿನ ಬೆಳಿಗ್ಗೆ ಆಯ ಎಣಿಸಿ ಒಳ ಅಳತೆಯನ್ನು ಮೂರು ಇಂಚು ಹೆಚ್ಚಿಸುವುದಕ್ಕೆ. ಆ ಮೂರು ಇಂಚು ಪ್ಲಾನಿಗೆ ಹೋಗುವುದಿಲ್ಲ, ಕಾಲಂ ಡ್ರಾಯಿಂಗಿಗೂ ಹೋಗುವುದಿಲ್ಲ, ಗೌಂಡಿಯ ತಲೆಯಲ್ಲಿ ಮಾತ್ರ ಇರುತ್ತದೆ. ಅದು ಎರಡನೇ ಸ್ಲ್ಯಾಬಿನಲ್ಲಿ ಮೆಟ್ಟಿಲು ಕೂಡದಿದ್ದಾಗ ಹೊರಗೆ ಬರುತ್ತದೆ. ಈಶಾನ್ಯ ಹಿಗ್ಗಬೇಕು ಅಂತ ಮೂಲೆ ಎಳೆಯುವುದೂ ಹಾಗೆಯೇ. ಜಾಗ ಹಿಗ್ಗಿದ್ದರೆ ಕಾಂಪೌಂಡು ಹಿಗ್ಗಲಿ, ಕಟ್ಟಡದ ಮೂಲೆ 90 ಡಿಗ್ರಿ ಇರಲಿ. ಸ್ವಾಮಿಗಳನ್ನೋ ಆಚಾರ್ಯರನ್ನೋ ಹದಿನೈದು ದಿನ ಮೊದಲೇ ಕೇಳಿ ಮುಗಿಸಿಕೊಂಡರೆ ಎಲ್ಲರಿಗೂ ನೆಮ್ಮದಿ.

ಹಂತ 5: ಬುರ್ಜಿ ಕಟ್ಟಿ, ಬರೀ ಗೂಟ ಬೇಡ

ಈ ಮಾತಿಗೆ ಜಮಖಂಡಿ ರಸ್ತೆಯ ಒಂದು ಸೈಟಿನಲ್ಲಿ ಹಿರಿಯ ಗೌಂಡಿಯೊಬ್ಬರು ನಕ್ಕಿದ್ದರು. "ಸಾಹೇಬ್ರ, ಮೂವತ್ತು ವರ್ಷ ಆತು ಪಾಯಾ ಹಾಕಾಕತ್ತು. ಗೂಟಾ ಬಡದು ದಾರಾ ಕಟ್ಟಿದ್ರ ಸಾಕಲ್ರಿ?" "ಕಾಕಾ, ಜೆಸಿಬಿ ಬಂದ ಮ್ಯಾಲ ಗೂಟ ಎಲ್ಲಿರ್ತಾವ?" ಅಂದೆ. ಮಧ್ಯಾಹ್ನ ಊಟಕ್ಕೆ ಹೋಗಿ ಬರುವುದರೊಳಗೆ ಹನ್ನೆರಡು ಗೂಟಗಳಲ್ಲಿ ಏಳು ಮಣ್ಣಿನ ಗುಡ್ಡದ ಅಡಿಗೆ ಹೋಗಿದ್ದವು. ಕಾಕಾ ಸಂಜೆಗೆ ತಾವೇ ಇಟ್ಟಿಗೆ ತರಿಸಿದರು.

ಬುರ್ಜಿ ಅಂದರೆ ಇಟ್ಟಿಗೆ, ಸಿಮೆಂಟಿನ ಗಿಡ್ಡ ಕಂಬ. ಪ್ರತಿ ಕಾಲಂ ಸಾಲಿನ ನಡುಗೆರೆಯನ್ನು ಎರಡೂ ತುದಿಗೆ ಹೊರಗೆ ಎಳೆದು, ಅಗೆಯುವ ಗುಂಡಿಯ ಅಂಚಿನಿಂದ ನಾಲ್ಕೈದು ಅಡಿ ಆಚೆ ಕಟ್ಟಬೇಕು. ಜಾಗ ಸಾಲದಿದ್ದರೆ ಆ ಬದಿಯ ಕಾಂಪೌಂಡ್ ಗೋಡೆಗೇ ಗುರುತು ಹಾಕಿ. ಅದು ಗುರುತು ಮಾತ್ರ, ಅಳತೆಯ ಮೂಲ ಬಾಂದುಕಲ್ಲೇ. ಎಲ್ಲ ಬುರ್ಜಿಗಳ ತಲೆ ಒಂದೇ ಮಟ್ಟಕ್ಕಿರಲಿ, ತಲೆಯ ಮೇಲೆ ನಯವಾಗಿ ಸಿಮೆಂಟು ಸವರಿ, ಹಸಿ ಇರುವಾಗಲೇ ಮೊಳೆ ಕೂರಿಸಿ. ಸಾಲಿನ ಹೆಸರು ಬಣ್ಣದಲ್ಲಿ ಬರೆಯಿರಿ: ಒಂದು ದಿಕ್ಕಿಗೆ ಅ, ಆ, ಇ, ಇನ್ನೊಂದು ದಿಕ್ಕಿಗೆ 1, 2, 3.

ಎರಿ ಭೂಮಿಯಲ್ಲಿ ಇನ್ನೂ ಜೋಪಾನ. ಬಾಗಲಕೋಟೆ, ವಿಜಯಪುರದ ಕರಿ ಎರಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲ್ಮಣ್ಣಿನ ಮೇಲೆ ಕೂತ ಬುರ್ಜಿ ಅದರ ಜೊತೆಗೇ ಏಳುತ್ತದೆ, ವಾಲುತ್ತದೆ. ಒಂದೂವರೆ, ಎರಡು ಅಡಿ ಅಗೆದು, ತಳಕ್ಕೆ ಗರಸು ಬಡಿದು, ರಾಡು ನೆಟ್ಟು ಕಾಂಕ್ರೀಟ್ ಹಾಕಿ ಮೇಲೆ ಕಟ್ಟಿ. ನಡುವೆ ದೊಡ್ಡ ಮಳೆ ಬಂದಿದ್ದರೆ ಮಾರನೇ ದಿನ ಕರ್ಣ ಮತ್ತೆ ಹಿಡಿದು ನೋಡಿ.

ಹಂತ 6: ಗೆರೆ ಎಳೆಯುವ ಕ್ರಮ

ಮೊದಲು ಒಂದೇ ಒಂದು ಮೂಲಗೆರೆ ಹಿಡಿಯಿರಿ, ಸಾಮಾನ್ಯವಾಗಿ ರಸ್ತೆ ಕಡೆಯ ಕಾಲಂ ಸಾಲು. ಅದನ್ನು ಎರಡು ಬಾಂದುಕಲ್ಲಿನಿಂದ ಅಳೆದು ಗಟ್ಟಿ ಮಾಡಿ. ಅದರ ಒಂದು ತುದಿಯಲ್ಲಿ ಕಾಟಕೋನ (90 ಡಿಗ್ರಿ) ತೆಗೆಯಿರಿ. ಇಲ್ಲಿ ಗೌಂಡಿಯ ಗುನ್ಯಾ ನಂಬಬೇಡಿ. ಎರಡು ಅಡಿಯ ಮೂಲೆಮಟ್ಟದಲ್ಲಿ ದಾರದ ದಪ್ಪದಷ್ಟು ತಪ್ಪಿದರೂ 40 ಅಡಿಗೆ ಅದು ಇಪ್ಪತ್ತು ಪಟ್ಟು. ಜಾಗ ಇದ್ದಷ್ಟು ದೊಡ್ಡ ತ್ರಿಕೋನ ಹಿಡಿಯಿರಿ: 3-4-5 ಬದಲು 12-16-20, ಸಾಧ್ಯವಾದರೆ 24-32-40.

ಉಳಿದ ಸಾಲುಗಳನ್ನು ಒಂದೇ ಸೊನ್ನೆಯಿಂದ ಅಳೆಯಿರಿ. ಒಂದು ಅಂಕಣ ಅಳೆದು ಗುರುತು ಹಾಕಿ, ಅಲ್ಲಿಂದ ಮುಂದಿನ ಅಂಕಣ, ಅಲ್ಲಿಂದ ಮತ್ತೊಂದು ಅಂತ ಹೋದರೆ ಪ್ರತಿ ಸಲ ಕಾಲು ಇಂಚು ಸೇರಿ ಆರನೇ ಕಾಲಮ್ಮಿಗೆ ಇಂಚು ದಾಟುತ್ತದೆ. ಟೇಪು ಸೊನ್ನೆಯ ಮೇಲೆ ಹಾಗೇ ಇರಲಿ. 10 ಅಡಿ 6 ಇಂಚು, 21 ಅಡಿ, 31 ಅಡಿ 3 ಇಂಚು ಅಂತ ಓಡುವ ಅಳತೆಯಲ್ಲಿ ಗುರುತು ಹಾಕಿ.

ಕೊನೆಗೆ ಕರ್ಣ. ಎರಡೂ ಕರ್ಣ ಸಮ ಬಂದರೆ ಕುಣಿದಾಡುವ ಮೊದಲು ಎದುರುಬದುರು ಬದಿಗಳೂ ಸಮ ಇವೆಯೇ ನೋಡಿ. ಮುಂದೆ ಅಗಲ, ಹಿಂದೆ ಕಿರಿದಾದ ಆಕಾರದಲ್ಲೂ ಕರ್ಣಗಳು ಸಮವಾಗಿಯೇ ಬರಬಹುದು.

ಹಂತ 7: ಲೆವೆಲ್

ಬಾಗಲಕೋಟೆಯಲ್ಲಿ ಸಮುದ್ರಮಟ್ಟದ ಲೆಕ್ಕ ಗೊತ್ತಿಲ್ಲದವರು ಕಡಿಮೆ. 519.60 ಅಂದರೆ ಆಲಮಟ್ಟಿ ಹಿನ್ನೀರು, 524.256 ಅಂದರೆ ಮುಂದೆ ಬರಬಹುದಾದ ಮುಳುಗಡೆ. ಶಾಲೆಗೆ ಹೋಗದ ಅಜ್ಜಿಯೂ ಮೀಟರ್ ಹೇಳುತ್ತಾಳೆ. ಅದೇ ಜನ ಮನೆ ಕಟ್ಟುವಾಗ ಮಾತ್ರ "ರಸ್ತೆಗಿಂತ ಒಂದೀಟ ಎತ್ತರ ಇರಲಿ" ಅಂದು ಬಿಡುತ್ತಾರೆ.

ಸೈಟಿಗೆ ಒಂದು ಬೆಂಚ್‌ಮಾರ್ಕ್ ಬೇಕು, ಅಂದರೆ ಕೆಲಸ ಮುಗಿಯುವವರೆಗೆ ಅಲುಗದ ಒಂದು ಗುರುತು. ಎದುರು ಮನೆಯ ಹಳೆಯ ಪ್ಲಿಂತ್ ಆಗಬಹುದು, ಸೇತುವೆಯ ಕಟ್ಟೆ ಆಗಬಹುದು. ಕರೆಂಟಿನ ಕಂಬಕ್ಕೆ ಬಣ್ಣ ಬಳಿದರೆ ಕಂಬವೇ ಬದಲಾದೀತು. ಆ ಗುರುತಿಗೆ 100.000 ಅಂತ ಇಟ್ಟುಕೊಂಡು ರಸ್ತೆಯ ನಡುಭಾಗ, ಚರಂಡಿಯ ತಳ, ಪ್ಲಾಟಿನ ನಾಲ್ಕು ಮೂಲೆ ಎಲ್ಲದರ ಲೆವೆಲ್ ಆಟೋ ಲೆವೆಲ್‌ನಿಂದ (ಮಟ್ಟ ನೋಡುವ ಯಂತ್ರ) ತೆಗೆಸಿ. ಚರಂಡಿಯ ತಳ ಯಾಕೆ ಅಂದರೆ ನಿಮ್ಮ ಬಚ್ಚಲಿನ ನೀರು ಅಲ್ಲಿಗೆ ಇಳಿಯಬೇಕು. ಪ್ಲಿಂತ್ ಕಟ್ಟಿದ ಮೇಲೆ ಅದು ತಿಳಿದರೆ ಉಪಯೋಗವಿಲ್ಲ. ರಸ್ತೆ ಪ್ರತಿ ಡಾಂಬರಿಗೂ ಕೆಲವು ಇಂಚು ಏರುತ್ತದೆ. ನಾನು ಪ್ಲಿಂತನ್ನು ರಸ್ತೆಯ ನಡುಭಾಗಕ್ಕಿಂತ ಎರಡೂವರೆ ಅಡಿಗೆ ಕಡಿಮೆ ಇಡುವುದಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಲ್ಲಾದರೆ 2019ರ ಆಗಸ್ಟಿನ ಪ್ರವಾಹದ ನೀರಿನ ಗೆರೆ ಎಷ್ಟೋ ಗೋಡೆಗಳ ಮೇಲೆ ಇನ್ನೂ ಇದೆ. ಆ ಗೆರೆಯ ಲೆವೆಲ್ಲನ್ನೂ ಅದೇ ದಿನ ತೆಗೆಸಿ, ಆಮೇಲೆ ಪ್ಲಿಂತ್ ತೀರ್ಮಾನಿಸಿ.

ನೀರಿನ ಪೈಪಿನ ಲೆವೆಲ್ ಚಿಕ್ಕ ಮನೆಗೆ ಸಾಕು. ಆದರೆ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಸುಳ್ಳು ಹೇಳುತ್ತದೆ. ಮೊದಲು ಎರಡೂ ತುದಿ ಒಂದೇ ಕಡೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿಕೊಂಡು ಶುರು ಮಾಡಿ.

ಹಂತ 8: ಅಗೆದ ಮೇಲೆ ಮತ್ತೆ ಮೂರು ಸಲ

ಹೆಚ್ಚಿನವರು ಲೈನ್‌ಔಟ್ ಅಂದರೆ ಸುಣ್ಣ ಹಾಕಿದ ದಿನ ಅಂದುಕೊಂಡಿರುತ್ತಾರೆ. ಸುಣ್ಣ ಬರೀ ಜೆಸಿಬಿಗೆ ದಾರಿ. ಕಾಲಂ ನಿಜವಾಗಿ ನಿಲ್ಲುವ ಜಾಗ ತೀರ್ಮಾನ ಆಗುವುದು ಗುಂಡಿಯ ತಳದಲ್ಲಿ.

ಬೆಡ್ ಕಾಂಕ್ರೀಟ್ ಒಣಗಿದ ಮೇಲೆ ಬುರ್ಜಿಯಿಂದ ಬುರ್ಜಿಗೆ ದಾರ ಕಟ್ಟಿ, ದಾರ ಕತ್ತರಿಸುವ ಜಾಗದಿಂದ ತೂಗುಗುಂಡು ಇಳಿಬಿಟ್ಟು, ತಳದಲ್ಲಿ ನಡುಬಿಂದು ಗುರುತಿಸಿ. ಇದು ಮೊದಲ ಸಲ. ಗಾಳಿ ಬೀಸುವಾಗ ಗುಂಡು ಓಲಾಡುತ್ತದೆ, ಬೆಳಗಿನ ಹೊತ್ತು ಮಾಡಿ. ಕಾಲಂ ರಾಡು ನಿಲ್ಲಿಸಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು ಎರಡನೇ ಸಲ. ಆಗ 9×18ರ ಕಾಲಂ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನೂ ನೋಡಿ. ತಿರುವಿ ನಿಲ್ಲಿಸಿದ ಕಾಲಂ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಕಾಂಕ್ರೀಟ್ ಸುರಿಯುವಾಗ ವೈಬ್ರೇಟರಿನ ಹೊಡೆತಕ್ಕೆ, ಬುಟ್ಟಿ ಸುರಿದ ಭಾರಕ್ಕೆ ರಾಡು ಸರಿಯುತ್ತವೆ. ಹಾಗಾಗಿ ಸ್ಟಾರ್ಟರ್ (ಕಾಲಂ ಬುಡದ ಗಿಡ್ಡ ಕಾಂಕ್ರೀಟ್) ಹಾಕುವ ಮೊದಲು ಮೂರನೇ ಸಲ.

ಆ ಹೊತ್ತಿಗೆ ಒಂದು ಕಾಲಂ ಎರಡು ಇಂಚು ಸರಿದದ್ದು ಕಂಡರೆ? ಕಬ್ಬಿಣದವನು ತಕ್ಷಣ ಪೈಪು ಹಾಕಿ ರಾಡನ್ನು ಬಾಗಿಸಲು ಬರುತ್ತಾನೆ. ಕೈ ಹಿಡಿದು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನು ಮಾಡಿ. ರಾಡನ್ನು ಬಾಗಿಸುವುದಾದರೆ 6ಕ್ಕೆ 1ಕ್ಕಿಂತ ಕಡಿದಾಗಬಾರದು, ಅಂದರೆ ಎರಡು ಇಂಚು ಸರಿಸಲು ಕನಿಷ್ಠ ಹನ್ನೆರಡು ಇಂಚಿನ ಉದ್ದ ಬೇಕು. ಬುಡದಲ್ಲೇ ಮುರಿದಂತೆ ಬಾಗಿಸಿದ ರಾಡು ಭಾರ ಹೊರುವುದಿಲ್ಲ. ಎರಡು ಇಂಚಿಗಿಂತ ಹೆಚ್ಚು ಸರಿದಿದ್ದರೆ ಫುಟಿಂಗಿನ (ಕಾಲಂ ಕೆಳಗಿನ ಪಾದ) ಲೆಕ್ಕವನ್ನೇ ಮತ್ತೆ ನೋಡಬೇಕಾಗುತ್ತದೆ.

ಹಂತ 9: ಖಾಸಗಿ ಸರ್ವೇಯರನ್ನು ಯಾವಾಗ ಕರೆಯಬೇಕು, ಏನು ಕೇಳಬೇಕು

ಬಾಂದುಕಲ್ಲು ಗಟ್ಟಿ ಇರುವ 30×40ಕ್ಕೆ ಸ್ಟೀಲ್ ಟೇಪು, ಬುರ್ಜಿ, ತಾಳ್ಮೆ ಸಾಕು. ಟೋಟಲ್ ಸ್ಟೇಷನ್ ಬೇಕಾಗುವುದು ಜಾಗ ಓರೆಕೋರೆ ಇದ್ದಾಗ, ನಡುವೆ ಹಳೆಯ ಕಟ್ಟಡ ನಿಂತು ಕರ್ಣ ಹಿಡಿಯಲು ಆಗದಾಗ, ಇಳಿಜಾರಿದ್ದಾಗ, ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಕೆಲಸವಾದಾಗ. ಮುಧೋಳ, ಜಮಖಂಡಿ ಕಡೆ ಕಾರ್ಖಾನೆಯ ಶೆಡ್ಡು ಹಾಕುವವರಿಗಂತೂ ಇಲ್ಲದೆ ಆಗುವುದಿಲ್ಲ. ಕಬ್ಬಿಣದ ಕಂಬದ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು, ಒಂದು ಬೋಲ್ಟು ಅರ್ಧ ಇಂಚು ಸರಿದರೆ ಕ್ರೇನು ಬಾಡಿಗೆ ತೆಗೆದುಕೊಂಡು ಸುಮ್ಮನೆ ನಿಂತಿರುತ್ತದೆ.

ಅವರಿಗೆ ಡ್ರಾಯಿಂಗಿನ ವಾಟ್ಸ್ಆ್ಯಪ್ ಫೋಟೊ ಕೊಡಬೇಡಿ, ಮೂಲ ಕ್ಯಾಡ್ ಫೈಲು ಕೊಡಿ. ಯಂತ್ರ ನಿಲ್ಲಿಸಿದ ಮೇಲೆ ಎರಡು ಗೊತ್ತಿರುವ ಬಿಂದು ಹಿಡಿದು, ಮೂರನೆಯದನ್ನು ಪರೀಕ್ಷೆಗೆ ನೋಡಲು ಹೇಳಿ. ಮೂರನೆಯದು ಹೊಂದದಿದ್ದರೆ ಅಂಕಿ ತಪ್ಪು ಹಾಕಿದ್ದಾರೆ ಅಥವಾ ಒಂದು ಕಲ್ಲು ಸರಿದಿದೆ. ಅಲ್ಲಿಗೆ ಕೆಲಸ ನಿಲ್ಲಿಸಿ ಹುಡುಕಬೇಕು. ಎರಿ ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಕುಸಿಯುತ್ತದೆ, ಅರ್ಧ ತಾಸಿಗೊಮ್ಮೆ ಹಿಂದಿನ ಬಿಂದುವನ್ನು ಮತ್ತೆ ನೋಡುವವನು ಕಸುಬು ಬಲ್ಲವನು. ಹೋಗುವ ಮೊದಲು ಯಾವ ಬಿಂದು ಎಲ್ಲಿ ಹಾಕಿದರು, ಬಾಂದುಕಲ್ಲಿನಿಂದ ಎಷ್ಟು ದೂರ ಅನ್ನುವ ಒಂದು ಹಾಳೆಯ ನಕ್ಷೆಗೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಅವರು ಹೊರಟ ಮೇಲೆ ನೀವೇ ಟೇಪು ಹಿಡಿದು ಎರಡು ಕರ್ಣ ನೋಡಿ. ಯಂತ್ರ ತಪ್ಪುವುದು ಅಪರೂಪ, ಯಂತ್ರಕ್ಕೆ ಕೊಟ್ಟ ಅಂಕಿ ತಪ್ಪುವುದು ಅಪರೂಪವಲ್ಲ.

ತಪ್ಪು ಆಗಿಯೇ ಹೋಗಿದ್ದರೆ

ಫುಟಿಂಗ್ ಹಂತದಲ್ಲಿ ಸಿಕ್ಕರೆ ನಾಲ್ಕು ದಿನದ ಕೂಲಿ ಹೋಗುತ್ತದೆ, ಅಷ್ಟೇ. ಕೆಲಸ ನಿಲ್ಲಿಸಿ. ಹದ್ದಿನ ತಪ್ಪಾದರೆ ಬಾಜೂದವರ ಮನೆಗೆ ನೀವೇ ಮೊದಲು ಹೋಗಿ, ಅವರು ಕಾಗದ ಹಿಡಿದು ಬರುವವರೆಗೆ ಕಾಯಬೇಡಿ. ಬಾಯಿಮಾತಿನ ರಾಜಿ ಬೇಡ. ಜಾಗ ಕೊಂಡು ಕೊಳ್ಳುವುದಾದರೂ ಬಿಟ್ಟು ಕೊಡುವುದಾದರೂ ಅಳತೆ ಮಾಡಿಸಿ ನೋಂದಣಿ ಕಾಗದದಲ್ಲೇ ಆಗಲಿ. ಅವರ ಮಕ್ಕಳಿಗೆ ಅಪ್ಪ ಆಡಿದ ಮಾತು ನೆನಪಿರುವುದಿಲ್ಲ. ಸೆಟ್‌ಬ್ಯಾಕ್ ತಪ್ಪಿದ್ದರೆ ಪರವಾನಗಿ ಕೊಟ್ಟವರ ಮುಂದೆ ಪರಿಷ್ಕೃತ ನಕ್ಷೆ ಇಟ್ಟು ಕೇಳಿ, ಸ್ಲ್ಯಾಬು ಬೀಳುವ ಮೊದಲು.

ಬುರ್ಜಿಗಳನ್ನು ಪ್ಲಿಂತ್ ಬೀಮು ಮುಗಿದು, ನಡುಗೆರೆಗಳನ್ನು ಅದರ ಮೇಲೆ ಬಣ್ಣದಿಂದ ಬರೆದುಕೊಳ್ಳುವವರೆಗೆ ಒಡೆಯಬೇಡಿ. ಬಾಂದುಕಲ್ಲುಗಳನ್ನು ಎಂದಿಗೂ ಕೀಳಬೇಡಿ, ಕಾಂಪೌಂಡ್ ಗೋಡೆ ಅಡ್ಡ ಬಂದರೆ ಕಲ್ಲಿನ ಸುತ್ತ ಒಂದು ಗೂಡು ಬಿಟ್ಟು ಕಟ್ಟಿಸಿ. ನವನಗರದ ಆ ನನ್ನ ಮೊದಲ ಪ್ಲಾಟಿನ ಮೂಲೆಗಲ್ಲು ಕೊನೆಗೆ ಸಿಕ್ಕಿತ್ತು. ಮುಹೂರ್ತದ ಪೂಜೆಗೆ ಪುರೋಹಿತರು ಕೂತ ಮಣ್ಣಿನ ದಿಬ್ಬದ ಕೆಳಗೇ, ಎಂಟು ಇಂಚು ಆಳದಲ್ಲಿ ಇತ್ತು.